ಹೆಜ್ಜೆಗಾಗಿ ಬರೆಯುವ ಲಯ

ಅಮೆರಿಕದ ಶಾಲಾ-ಕಾಲೇಜುಗಳ ಮಾರ್ಚಿಂಗ್ ಬ್ಯಾಂಡ್‌ಗಳಲ್ಲಿ ಡ್ರಮ್ ನುಡಿಸುವವರ ತಂಡಕ್ಕೆ ಡ್ರಮ್‌ಲೈನ್ ಎಂದು ಹೆಸರು. ಮೆರವಣಿಗೆಯಲ್ಲಿ ಒಂದು ಹಾಡು ಮುಗಿದು ಮತ್ತೊಂದು ಆರಂಭವಾಗುವವರೆಗೆ ಊದುವ ವಾದ್ಯಗಳೆಲ್ಲ ಸುಮ್ಮನಿರುವಾಗ, ಇಡೀ ಬ್ಯಾಂಡಿನ ಹೆಜ್ಜೆ ತಪ್ಪದಂತೆ ಈ ತಂಡ ಆವರ್ತ ಆವರ್ತವಾಗಿ ನುಡಿಸುವ ಲಯಬಂಧವೇ ಕೇಡೆನ್ಸ್.

ಇದರ ಬೇರು ಸೈನ್ಯದಲ್ಲಿದೆ. ಕಾಲಾಳುಗಳಿಗೆ ನಡಿಗೆಯ ವೇಗವನ್ನೂ ಅಪ್ಪಣೆಗಳನ್ನೂ ಡ್ರಮ್ಮಿನಿಂದಲೇ ತಿಳಿಸುತ್ತಿದ್ದ ಕಾಲದಲ್ಲಿ ರೂಪುಗೊಂಡ ಮೂಲ ಪೆಟ್ಟುಗಳ ಜೋಡಣೆಗಳನ್ನು ಚಾರ್ಲ್ಸ್ ಸ್ಟುವರ್ಟ್ ಆಶ್‌ವರ್ತ್ 1812ರ ತನ್ನ ಕೈಪಿಡಿಯಲ್ಲಿ ರುಡಿಮೆಂಟ್ ಎಂದು ಕರೆದನು; ಇಂದು ಪರ್ಕಸಿವ್ ಆರ್ಟ್ಸ್ ಸೊಸೈಟಿಯ ಪಟ್ಟಿಯಲ್ಲಿ ಅಂಥ 40 ಜೋಡಣೆಗಳಿವೆ. ಅವುಗಳಲ್ಲೊಂದಾದ ಪ್ಯಾರಾಡಿಡಲ್‌ನಲ್ಲಿ ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ ಎಂಬ ಸರದಿಯಿದ್ದು, ಪ್ರತಿ ನಾಲ್ಕು ಪೆಟ್ಟಿಗೊಮ್ಮೆ ಮುಂದಾಳಾಗುವ ಕೈ ತಾನಾಗಿಯೇ ಬದಲಾಗುತ್ತದೆ.

ಕೇಡೆನ್ಸ್ ರಚಿಸುವವನು ಕೈಗಿಂತ ಮೊದಲು ಕಾಲನ್ನು ನೆನೆಯಬೇಕು. ಎಡಗಾಲು ಮೊದಲ ಎಣಿಕೆಗೆ ನೆಲ ಮುಟ್ಟುವುದು ವಾಡಿಕೆಯಾದ್ದರಿಂದ, ಸ್ನೇರ್ ಡ್ರಮ್ಮಿನಲ್ಲಿ ಎಷ್ಟೇ ಬಿರುಸಿನ ಪೆಟ್ಟುಗಳಿದ್ದರೂ ಆ ಎಣಿಕೆ ಹಿಂದೆ ನಡೆಯುತ್ತಿರುವ ಕೊಳಲುವಾದಕನಿಗೂ ಸ್ಪಷ್ಟವಾಗಿ ತಿಳಿಯಬೇಕು. ನಿಮಿಷಕ್ಕೆ 120 ಹೆಜ್ಜೆಗಳ ನಡಿಗೆಯಲ್ಲಿ, ನಾಲ್ಕು ಎಣಿಕೆಗಳ 8 ಘಟಕಗಳಿರುವ ರಚನೆ 16 ಸೆಕೆಂಡುಗಳಲ್ಲಿ ಮುಗಿದು ಮತ್ತೆ ಮೊದಲಾಗುತ್ತದೆ; ಆದ್ದರಿಂದ ಕೊನೆಯ ಪೆಟ್ಟು ಮೊದಲ ಪೆಟ್ಟಿಗೆ ತಡೆಯಿಲ್ಲದೆ ಕೂಡಿಕೊಳ್ಳುವಂತೆ ಬರೆಯುವುದೂ ಅಷ್ಟೇ ಮುಖ್ಯ.

ರಚನೆಯ ಸೊಬಗು ಹೆಚ್ಚಾಗಿ ತೆರೆದುಕೊಳ್ಳುವುದು ಬಾಸ್ ಡ್ರಮ್‌ಗಳಲ್ಲಿ. ಬೇರೆ ಬೇರೆ ಗಾತ್ರದ ಈ ಡ್ರಮ್‌ಗಳನ್ನು ಬೇರೆ ಬೇರೆ ಶ್ರುತಿಗೆ ಹೊಂದಿಸಿ ಒಬ್ಬೊಬ್ಬರಿಗೆ ಒಂದೊಂದನ್ನು ಕೊಡಲಾಗುತ್ತದೆ. ಅದೇ 120 ಹೆಜ್ಜೆಗಳ ವೇಗದಲ್ಲಿ ಒಂದು ಎಣಿಕೆಯನ್ನು ನಾಲ್ಕು ಪಾಲು ಮಾಡಿ ನಾಲ್ವರಿಗೆ ಹಂಚಿದರೆ, ಒಬ್ಬನ ಪೆಟ್ಟಿಗೂ ಮುಂದಿನವನ ಪೆಟ್ಟಿಗೂ ನಡುವೆ ಉಳಿಯುವುದು ಸೆಕೆಂಡಿನ ಎಂಟನೆಯ ಒಂದು ಭಾಗ ಮಾತ್ರ. ಅದು ಸರಿಯಾಗಿ ಬಿದ್ದಾಗ ನಾಲ್ವರ ನುಡಿ ಮೇಲಿಂದ ಕೆಳಕ್ಕೆ ಇಳಿಯುವ ಒಂದೇ ಎಳೆಯಾಗಿ ಕೇಳುತ್ತದೆ.

ಇಂಥ ಓಟ ಎದ್ದು ಕಾಣಬೇಕಾದರೆ ಆ ಕ್ಷಣದಲ್ಲಿ ಸ್ನೇರ್‌ಗಳು ತಗ್ಗಬೇಕು ಅಥವಾ ನಿಲ್ಲಬೇಕು. ಎಲ್ಲ ವಾದ್ಯಗಳಿಗೂ ಎಡೆಬಿಡದೆ ಕೆಲಸ ಕೊಟ್ಟ ರಚನೆ ಕಾಗದದ ಮೇಲೆ ತುಂಬಿದಂತೆ ಕಂಡರೂ ಬೀದಿಯಲ್ಲಿ ಬರಿಯ ಗದ್ದಲವಾಗಿ ಹೆಜ್ಜೆಯನ್ನೇ ಮುಚ್ಚಿಹಾಕುತ್ತದೆ. ಎಲ್ಲಿ ನುಡಿಸಬಾರದು ಎಂಬುದನ್ನು ಅರಿತು ಬರೆದ ಕೇಡೆನ್ಸ್‌ನಲ್ಲಿ, ಆ ಬಿಡುವಿನೊಳಗೆ ನೂರಾರು ಪಾದಗಳ ಸದ್ದೇ ಇನ್ನೊಂದು ವಾದ್ಯವಾಗುತ್ತದೆ.