ಗಾಜಿನ ನಳಿಗೆಯ ಗಾಳಿ, ಬಾವಿಯ ಗಾಳಿ

"ಸರ, ಬಾವ್ಯಾಗ ನೀರ ಅದಾವ, ಮೋಟಾರ್ ಹೊಸಾದು ಐತಿ, ಆದ್ರ ನೀರ ಮ್ಯಾಲ ಬರವಲ್ದು. ಐದ ಎಚ್.ಪಿ. ತಗದ ಏಳೂವರಿ ಕುಂದ್ರಿಸೀನಿ. ಮತ್ತೇನ ಮಾಡಬೇಕ್ರಿ?"

ಜತ್ತ, ಅಕ್ಕಲಕೋಟೆ ಕಡೆಯ ಸಂತೆಗಳಲ್ಲಿ ಈ ಮಾತನ್ನು ನಾನು ಎಷ್ಟೋ ಬೇಸಿಗೆ ಕೇಳಿದ್ದೇನೆ. ಕೇಳುವವರು ಬೇರೆ ಬೇರೆ, ಕನ್ನಡದಲ್ಲಿ ಕೇಳುವವರೂ ಉಂಟು, ಮರಾಠಿಯಲ್ಲಿ ಕೇಳುವವರೂ ಉಂಟು. ಬೇನೆ ಮಾತ್ರ ಒಂದೇ. ನಾನು ಹಿಂದಿರುಗಿ ಕೇಳುವ ಪ್ರಶ್ನೆಯೂ ಒಂದೇ: "ಮೋಟಾರಿನಿಂದ ನೀರಿಗೆ ಎಷ್ಟು ಅಡಿ?" ಮೂವತ್ತೈದು, ನಲವತ್ತು ಎಂದು ಉತ್ತರ ಬಂದರೆ ಏಳೂವರೆ ಅಲ್ಲ, ಎಪ್ಪತ್ತೈದು ಎಚ್.ಪಿ. ಕೂಡಿಸಿದರೂ ಹನಿ ನೀರು ಬರುವುದಿಲ್ಲ. ಮೋಟಾರ್ ಮಾರಿದ ಅಂಗಡಿಯವರಿಗೆ ಇದು ಗೊತ್ತಿರುತ್ತದೆ. ಹೇಳುವವರು ಕಡಿಮೆ.

ಪಂಪು ನೀರನ್ನು ಎಳೆಯುತ್ತದೆ ಎಂದು ನಾವೆಲ್ಲ ಮಾತಾಡುತ್ತೇವೆ. ಅದು ಎಳೆಯುವುದಿಲ್ಲ. ಪಂಪು ಕೊಳವೆಯೊಳಗಿನ ಗಾಳಿಯನ್ನಷ್ಟೇ ಹೊರಗೆ ಹಾಕುತ್ತದೆ. ಬಾವಿಯ ನೀರಿನ ಮೇಲೆ ಕುಳಿತ ಹೊರಗಿನ ಗಾಳಿಯ ಭಾರ ನೀರನ್ನು ಕೊಳವೆಯೊಳಗೆ ನೂಕುತ್ತದೆ. ನೂಕುವ ಕೆಲಸ ಗಾಳಿಯದು, ಅದರ ತಾಕತ್ತಿಗೆ ಮಿತಿ ಇದೆ. ಗೆಲಿಲಿಯೊ 1638ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ, ಹೀರುವ ಪಂಪು ಒಂದು ಎತ್ತರದ ಆಚೆಗೆ ನೀರೆತ್ತದು ಎಂಬ ಸಂಗತಿಯನ್ನು ಬರೆದ. ಕಾರಣ ಅವನಿಗೆ ಹೊಳೆಯಲಿಲ್ಲ. ಟೊರಿಸೆಲ್ಲಿಗೆ ಹೊಳೆಯಿತು. ಅವನು 1643ರ ಸುಮಾರಿಗೆ ಒಂದು ಕಡೆ ಮುಚ್ಚಿದ ಗಾಜಿನ ಉದ್ದ ನಳಿಗೆಗೆ ಪಾದರಸ ತುಂಬಿಸಿ, ಪಾದರಸದ ಬಟ್ಟಲಲ್ಲಿ ಬೋರಲು ನಿಲ್ಲಿಸಿದ. ಪಾದರಸ ಪೂರ್ತಿ ಸುರಿದುಹೋಗಲಿಲ್ಲ. ಸುಮಾರು 76 ಸೆಂಟಿಮೀಟರಿಗೆ ಇಳಿದು ನಿಂತುಬಿಟ್ಟಿತು. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಗುಣಿಸಿ ನೋಡಿ: ನೀರಿನ ಲೆಕ್ಕದಲ್ಲಿ 10.3 ಮೀಟರು, ನಮ್ಮ ಅಳತೆಯಲ್ಲಿ 34 ಅಡಿ. ಇಷ್ಟೇ ಹೊರಗಿನ ಗಾಳಿಯ ದುಡಿಮೆ.

ಮುಂದೆ ಪಾಸ್ಕಲನ ಭಾವಮೈದುನ 1648ರಲ್ಲಿ ಅಂಥದೇ ನಳಿಗೆಯನ್ನು ಫ್ರಾನ್ಸಿನ ಒಂದು ಬೆಟ್ಟದ ನೆತ್ತಿಗೆ ಹೊತ್ತುಕೊಂಡು ಹೋದ. ಮೇಲೆ ಹೋದ ಹಾಗೆ ಪಾದರಸ ಇಳಿಯಿತು. ನೆತ್ತಿಯ ಮೇಲಿನ ಗಾಳಿ ಅಷ್ಟು ತೆಳುವಾದುದೇ ಕಾರಣ. ನಮ್ಮ ಗಡಿ ಕನ್ನಡಿಗರ ಊರುಗಳನ್ನೇ ಹೀಗೆ ಏರುತ್ತ ಹೋಗಬಹುದು. ಸಮುದ್ರದ ಮಗ್ಗುಲಿನ ಕಾಸರಗೋಡಿನಲ್ಲಿ ಮಿತಿ 34 ಅಡಿ. ಸೊಲ್ಲಾಪುರ ಸಮುದ್ರಮಟ್ಟಕ್ಕಿಂತ ಸುಮಾರು 460 ಮೀಟರು ಮೇಲಿದೆ, ಅಲ್ಲಿ 32. ನೀಲಗಿರಿಯ ಉದಕಮಂಡಲ 2,200 ಮೀಟರಿನ ಮೇಲಿದೆ. ಅಲ್ಲಿಯ ಬಡಗ ರೈತನ ಪಂಪಿಗೆ 26 ಅಡಿಯೇ ಕೊನೆ. ಇದು ಕಾಗದದ ಲೆಕ್ಕ. ಕೊಳವೆಯ ತಿಕ್ಕಾಟ, ಬಾಗು, ಸೋರುವ ಫುಟ್‌ವಾಲ್, ಬೇಸಿಗೆಯ ಬೆಚ್ಚನೆಯ ನೀರಿನಿಂದ ಏಳುವ ಆವಿ, ಇವೆಲ್ಲ ಸೇರಿ ಏಳೆಂಟು ಅಡಿ ತಿಂದುಹಾಕುತ್ತವೆ. ಆದ್ದರಿಂದ ಸೊಲ್ಲಾಪುರ ಸೀಮೆಯಲ್ಲಿ ದಂಡೆಯ ಮೇಲಿನ ಮೋಟಾರಿಗೂ ನೀರಿಗೂ 20-22 ಅಡಿಗಿಂತ ಹೆಚ್ಚು ಅಂತರ ಬಿಡಬಾರದು. ನೀರು ಇಳಿದರೆ ಮೋಟಾರನ್ನೂ ಇಳಿಸಬೇಕು, ಇಲ್ಲವೆ ನೀರಿನಲ್ಲೇ ಮುಳುಗಿ ಕೆಳಗಿನಿಂದ ನೂಕುವ ಸಬ್‌ಮರ್ಸಿಬಲ್ ಹಾಕಬೇಕು. ಹೀರುವುದಕ್ಕೆ ಮಿತಿ ಉಂಟು, ನೂಕುವುದಕ್ಕೆ ಈ ಮಿತಿ ಇಲ್ಲ.

"ಪಂಪ್ ಹವಾ ಹಿಡದೈತಿ" ಎನ್ನುವ ಮಾತೂ ಇದೇ ಲೆಕ್ಕಕ್ಕೆ ಸೇರಿದ್ದು. ಪಂಪಿನೊಳಗಿನ ಚಕ್ರ ತನಗೆ ಸಿಕ್ಕಿದ್ದನ್ನು ಬೀಸಿ ಎಸೆಯುತ್ತದೆ. ಗಾಳಿ ನೀರಿಗಿಂತ ಎಂಟುನೂರು ಪಟ್ಟು ಹಗುರ. ಹಗುರವಾದದ್ದನ್ನು ಎಷ್ಟು ಬೀಸಿದರೂ ಒತ್ತಡ ಹುಟ್ಟದು. ಅದಕ್ಕೇ ಮೊದಲು ನೀರು ತುಂಬಿಸುವುದು. ಫುಟ್‌ವಾಲ್ ಸೋರಿದರೆ ಹಳೆಯ ರೈತರು ಸೆಗಣಿ ಕಲಸಿದ ನೀರು ಹುಯ್ಯುತ್ತಾರೆ, ಸಂದಿ ಮುಚ್ಚುತ್ತದೆ. ಪುಸ್ತಕದಲ್ಲಿಲ್ಲದ ಉಪಾಯ, ಆದರೆ ಪುಸ್ತಕಕ್ಕೆ ವಿರುದ್ಧವೂ ಅಲ್ಲ. ಗೌಂಡಿಯ ಲೆವಲ್ ಪೈಪಿನಲ್ಲೂ ಇದೇ ಗಾಳಿಯ ಕಾಟ: ಒಂದು ಕಡೆಯ ನಿಂತ ನೀರಿನಲ್ಲಿ ಬೆರಳುದ್ದ ಗುಳ್ಳೆ ಸಿಕ್ಕಿಕೊಂಡರೆ ಆ ಕಡೆಯ ನೀರು ಅಷ್ಟೇ ಮೇಲೆ ನಿಲ್ಲುತ್ತದೆ, ಗೋಡೆ ಸೊಟ್ಟಾಗುತ್ತದೆ.

ಗಾಳಿ ಕಾಟ ಕೊಡುವುದಷ್ಟೇ ಅಲ್ಲ, ದುಡಿಯುತ್ತದೆ ಕೂಡ. ಕೊಳವೆಬಾವಿಗೆ ಕಂಪ್ರೆಸರ್ ಕೂಡಿಸಿದವರು ಭುಸ್ ಭುಸ್ ಎಂದು ನೀರು ಉಗುಳುವುದನ್ನು ದಿನಾ ನೋಡುತ್ತಾರೆ. ಅಡಿಯಲ್ಲಿ ಬಿಟ್ಟ ಗಾಳಿ ಗುಳ್ಳೆಗಳಾಗಿ ನೀರಿನಲ್ಲಿ ಬೆರೆತಾಗ ಕೊಳವೆಯೊಳಗಿನ ನೀರು ಹಗುರವಾಗುತ್ತದೆ. ಹೊರಗಿನ ಭಾರದ ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ. ಕೊಳವೆ ನೀರಿನಲ್ಲಿ ಸಾಕಷ್ಟು ಆಳ ಮುಳುಗಿರದಿದ್ದರೆ ಗಾಳಿಯಷ್ಟೇ ಬರುತ್ತದೆ. ಕರೆಂಟು ಜಾಸ್ತಿ ಕುಡಿಯುತ್ತದೆ ನಿಜ, ಆದರೆ ಕೆಳಗೆ ತಿರುಗುವ ಭಾಗವೇ ಇಲ್ಲದ್ದರಿಂದ ಉಸುಕು ಬಂದರೂ ಕೆಡುವುದಿಲ್ಲ.

ಇನ್ನು ಶಾಲೆಯ ನಳಿಗೆಗೆ ಬರೋಣ. ಜತ್ತ ತಾಲ್ಲೂಕಿನ ಕನ್ನಡ ಶಾಲೆಯೊಂದರಲ್ಲಿ ನಾನು ಬಹಳ ವರ್ಷ ವಿಜ್ಞಾನ ಕಲಿಸಿದವನು. ಮಹಾರಾಷ್ಟ್ರದ ಪಠ್ಯಪುಸ್ತಕ ಕನ್ನಡದಲ್ಲೇ ಅಚ್ಚಾಗಿ ಬರುತ್ತದೆ. ಹುಡುಗರು ಪುಸ್ತಕದಲ್ಲಿ "ಪ್ರನಾಳ" ಎಂದು ಓದಿ, ಪೇಟೆಯ ಅಂಗಡಿಯಲ್ಲಿ "ಪರೀಕ್ಷಾನಳಿ" ಎಂದು ಕೇಳಿ, ಮನೆಯಲ್ಲಿ "ಗಾಜಿನ ಕೊಳವಿ" ಅನ್ನುತ್ತಾರೆ. ಮೂರು ಹೆಸರಿದ್ದರೂ ಒಳಗೆ ನಡೆಯುವುದು ಒಂದೇ ಎಂದು ನಾನು ಹೇಳುತ್ತಿದ್ದೆ.

ತಟ್ಟೆಯ ನೀರಿನಲ್ಲಿ ಮೇಣಬತ್ತಿ ಹಚ್ಚಿ ಮೇಲೆ ಗಾಜಿನ ಲೋಟ ಬೋರಲು ಹಾಕುವ ಪ್ರಯೋಗ ಎಲ್ಲರಿಗೂ ಗೊತ್ತು. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಆಮ್ಲಜನಕ ಉರಿದುಹೋಯಿತು, ಆ ಐದರಲ್ಲೊಂದು ಪಾಲಿನ ಜಾಗಕ್ಕೆ ನೀರು ಬಂತು ಎಂದು ಹಲವು ಕಡೆ ಕಲಿಸುತ್ತಾರೆ. ಕಣ್ಣು ಬಿಟ್ಟು ನೋಡಿದರೆ ಹಾಗಲ್ಲ. ಬತ್ತಿ ಉರಿಯುವಾಗ ನೀರು ಅಷ್ಟಾಗಿ ಏರುವುದಿಲ್ಲ, ಆರಿದ ಮೇಲೆ ಸರ್ರನೆ ಏರುತ್ತದೆ. ಕೆಲವೊಮ್ಮೆ ಮೊದಲಿಗೆ ಲೋಟದ ಅಂಚಿನಿಂದ ಗುಳ್ಳೆಗಳು ಹೊರಗೆ ಬರುವುದೂ ಉಂಟು. ಬಿಸಿಯಾಗಿ ಹಿಗ್ಗಿದ ಗಾಳಿ ತಣ್ಣಗಾಗಿ ಕುಗ್ಗಿದ್ದೇ ಇದರ ದೊಡ್ಡ ಕಾರಣ. ಐದರಲ್ಲೊಂದು ಪಾಲನ್ನು ನಿಜಕ್ಕೂ ನೋಡಬೇಕೆಂದರೆ ಲೇತ್ ಅಂಗಡಿಯ ಕಬ್ಬಿಣದ ಪುಡಿ ತಂದು, ಪ್ರನಾಳದ ಒಳಮೈ ಒದ್ದೆಮಾಡಿ, ಪುಡಿ ಅಂಟಿಸಿ, ನೀರಿನಲ್ಲಿ ಬೋರಲು ನಿಲ್ಲಿಸಿ. ಎರಡು ಮೂರು ದಿನದಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತದೆ, ನೀರು ಮೆಲ್ಲಗೆ ಐದನೇ ಒಂದು ಪಾಲು ಏರಿ ನಿಲ್ಲುತ್ತದೆ. ತುಕ್ಕು ಆಮ್ಲಜನಕವನ್ನು ಹೆಚ್ಚುಕಡಿಮೆ ಪೂರ್ತಿ ತಿನ್ನುತ್ತದೆ. ಬತ್ತಿ ಹಾಗೆ ತಿನ್ನುವುದಿಲ್ಲ; ಗಾಳಿಯಲ್ಲಿರುವ 21 ಪಾಲು ಆಮ್ಲಜನಕ 16ರ ಸುಮಾರಿಗೆ ಇಳಿಯುವಷ್ಟರಲ್ಲೇ ಆರಿಬಿಡುತ್ತದೆ.

ಈ 16ರ ಅಂಕಿಯನ್ನು ನಾನು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದೆ. ಪರೀಕ್ಷೆಗಲ್ಲ, ಬಾವಿಗೆ. ಅಪ್ಪಂದಿರು ಹೂಳು ತೆಗೆಯಲು, ಫುಟ್‌ವಾಲ್ ಬಿಚ್ಚಲು ಇಳಿಯುವ ಬಾವಿಗೆ.

ಬಹಳ ದಿನ ಬಳಸದೆ ಬಿಟ್ಟ ಬಾವಿಯೂ ಒಂದು ಕಡೆ ಮುಚ್ಚಿದ ನಳಿಗೆಯೇ. ತಳದ ಎಲೆ, ಕಸ ಕೊಳೆಯುವಾಗ ಆಮ್ಲಜನಕ ಕಡಿಮೆಯಾಗುತ್ತದೆ, ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಗೋಲಿಸೋಡಾದಲ್ಲಿ ಬುರುಗುವುದೂ ಇದೇ. ಇದು ಗಾಳಿಗಿಂತ ಒಂದೂವರೆ ಪಟ್ಟು ಭಾರ. ತರಗತಿಯಲ್ಲಿ ಸೋಡಾಪುಡಿಗೆ ನಿಂಬೆರಸ ಹಿಂಡಿ, ಬರಿಗಣ್ಣಿಗೆ ಕಾಣದ ಆ ಅನಿಲವನ್ನು ಲೋಟದಿಂದ ಲೋಟಕ್ಕೆ ನೀರಿನ ಹಾಗೆ ಸುರಿದು, ಕೆಳಗೆ ಉರಿಯುವ ಬತ್ತಿಯನ್ನು ಆರಿಸಿ ತೋರಿಸಿದರೆ ಹುಡುಗರು ದಂಗಾಗುತ್ತಿದ್ದರು. ಬಾವಿಯಲ್ಲಿ ಗಾಳಿ ಬೀಸುವುದಿಲ್ಲ, ಭಾರದ ಅನಿಲ ತಳದಲ್ಲೇ ಮಲಗಿರುತ್ತದೆ. ಇನ್ನೊಂದು ಸಂಗತಿ: ಮೋಡ ಕವಿದು ಹೊರಗಿನ ಗಾಳಿಯ ಒತ್ತಡ ಇಳಿದಾಗ ಸುತ್ತಲಿನ ಮಣ್ಣಿನೊಳಗಿನ ಕೆಟ್ಟ ಗಾಳಿ ಬಾವಿಗೆ ಹೊರಬರುತ್ತದೆ. ನಿನ್ನೆ ಇಳಿದು ಹತ್ತಿದ ಬಾವಿ ಇವತ್ತು ಕೊಲ್ಲಬಹುದು. "ಬಾವಿ ಬಲಿ ಬೇಡ್ತು" ಎನ್ನುತ್ತಾರೆ ಮಂದಿ.

ಮೊದಲು ಇಳಿದವನು ಕುಸಿದಾಗ ಅಣ್ಣನೋ ತಮ್ಮನೋ ಹಿಂದೆಯೇ ಇಳಿಯುತ್ತಾನೆ. ಅವನೂ ಕುಸಿಯುತ್ತಾನೆ. ಆಮ್ಲಜನಕ ತೀರ ಕಡಿಮೆಯಾದ ಗಾಳಿಯಲ್ಲಿ ನಾಲ್ಕಾರು ಉಸಿರಿಗೆ ಎಚ್ಚರ ತಪ್ಪುತ್ತದೆ, ಕೂಗಲೂ ಆಗದು. ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡರೆ ಏನೂ ಉಪಯೋಗವಿಲ್ಲ. ಇಲ್ಲದ ಆಮ್ಲಜನಕವನ್ನು ಟವೆಲ್ ಎಲ್ಲಿಂದ ತರಬೇಕು?

ಕಾಸರಗೋಡಿನ ಕಡೆ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ತೋಡಿ ನೀರು ಪಡೆಯುವವರು ಮೇಣಬತ್ತಿ ಹಿಡಿದು ಒಳಹೋಗುತ್ತಾರೆ, ಉದ್ದದ ಸುರಂಗಕ್ಕೆ ಕೆಲವೆಡೆ ಮೇಲಿನಿಂದ ಗಾಳಿಕಂಡಿಯನ್ನೂ ಇಳಿಸುತ್ತಾರೆ. ನಮ್ಮ ಬಯಲುಸೀಮೆಯಲ್ಲೂ ಕಂದೀಲು ಇಳಿಬಿಟ್ಟು ನೋಡುವ ರೂಢಿ ಇದೆ. ಆರಿದರೆ ಇಳಿಯಬಾರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆರಲಿಲ್ಲ ಎಂದ ಮಾತ್ರಕ್ಕೆ ಬಾವಿ ಸುರಕ್ಷಿತ ಎನ್ನಲಾಗದು. ಬಾವಿಯೊಳಗಿನ ಕಟ್ಟೆಯ ಮೇಲೆ ಡೀಸೆಲ್ ಎಂಜಿನ್ ಓಡಿಸಿದ್ದರೆ ಅದರ ಹೊಗೆಯಲ್ಲಿ ಇಂಗಾಲದ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೊಲ್ಲುವಷ್ಟಿದ್ದರೂ ಕಂದೀಲು ಆರುವುದಿಲ್ಲ. ಗೋಬರ್ ಗ್ಯಾಸಿನ ಗುಂಡಿಗೆ, ಪಾಯಖಾನೆಯ ಗುಂಡಿಗೆ ದೀಪವನ್ನಂತೂ ಇಳಿಸಲೇಬಾರದು. ಅಲ್ಲಿಯ ಅನಿಲ ಹೊತ್ತಿಕೊಳ್ಳುವಂಥದು. ಆ ಗುಂಡಿಗಳ ಕೊಳೆತ ಮೊಟ್ಟೆಯ ವಾಸನೆ ಇದ್ದಕ್ಕಿದ್ದಂತೆ ಬರುವುದು ನಿಂತರೆ ಅನಿಲ ಹೋಯಿತೆಂದು ತಿಳಿಯಬೇಡಿ. ಮೂಗು ಸತ್ತಿರುತ್ತದೆ.

ಹಳಬರು ಬೇವಿನ ಟೊಂಗೆಗಳ ಸೂಡು ಕಟ್ಟಿ, ಇಲ್ಲವೆ ಬಿಚ್ಚಿದ ಕೊಡೆಯನ್ನು ಹಗ್ಗಕ್ಕೆ ಕಟ್ಟಿ, ಬಾವಿಯಲ್ಲಿ ಮೇಲೆ ಕೆಳಗೆ ಬಡಿದು ಗಾಳಿ ಕಲಕುತ್ತಿದ್ದರು. ಏನೂ ಮಾಡದಿರುವುದಕ್ಕಿಂತ ಅದು ಮೇಲು. ಈಗ ಬ್ಲೋವರ್ ಬಾಡಿಗೆಗೆ ಸಿಗುತ್ತದೆ. ಅದರ ಕೊಳವೆಯ ತುದಿ ತಳದವರೆಗೆ ಹೋಗಬೇಕು, ಮೇಲೆ ಬಾಯಲ್ಲಿ ಊದಿದರೆ ಮೇಲಿನ ಗಾಳಿ ಮೇಲೇ ತಿರುಗುತ್ತದೆ. ಮನುಷ್ಯ ಒಳಗಿರುವಷ್ಟು ಹೊತ್ತೂ ಅದು ಓಡುತ್ತಿರಬೇಕು. ಇಳಿಯುವವನ ಎದೆಗೆ ಹಗ್ಗ ಮೊದಲೇ ಕಟ್ಟಿರಬೇಕು. ಕುಸಿದ ಮೇಲೆ ಕಟ್ಟುವವರು ಯಾರು? ದಂಡೆಯ ಮೇಲೆ ಎಳೆಯಬಲ್ಲ ಇಬ್ಬರು ಗಟ್ಟಿ ಆಳು ನಿಂತು, ಎಡೆಬಿಡದೆ ಮಾತಾಡಿಸುತ್ತಿರಬೇಕು. ಓಗೊಡದಿದ್ದರೆ ಮೇಲಿನಿಂದಲೇ ಎಳೆಯಬೇಕು, ಹಿಂದೆ ಇಳಿಯಬಾರದು.