ಕೇಬಲ್ ಕಿತ್ತ ಮೇಲೆ ಪ್ರೋಗ್ರಾಂ ಎಲ್ಲಿ ಹೋಯ್ತು? ನರಸಾಪುರದಲ್ಲಿ ಕಲಿತ ಲಿಂಕರ್ ಪಾಠ

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಒಂದು ಮಿನಿ ಪ್ರಾಜೆಕ್ಟ್ ಮಾಡಿದ್ವಿ. ಮೋಟರ್ ಮೇಲೆ ಕಂಪನದ ಸೆನ್ಸರ್ ಅಂಟಿಸೋದು, ಡಿಎಸ್‌ಪಿ ಬೋರ್ಡಿನಲ್ಲಿ ಎಫ್‌ಎಫ್‌ಟಿ ಮಾಡೋದು, ಬೇರಿಂಗ್ ಸವೆಯುತ್ತಿದೆ ಅನ್ನಿಸಿದರೆ ಕೆಂಪು ಲೈಟ್ ಹಚ್ಚೋದು. ಲ್ಯಾಬಿನಲ್ಲಿ ಸೊಗಸಾಗಿ ಓಡ್ತಿತ್ತು.

ನಮ್ಮ ಟೀಮಿನ ಒಬ್ಬಳ ಸೋದರಮಾವ ನರಸಾಪುರದ ಹತ್ತಿರ ಚಿಕ್ಕ ಲೇತ್ ಶಾಪ್ ನಡೆಸುತ್ತಾರೆ. ಬೇರಿಂಗ್ ಹೋಗಿ ಅವರ ಕಂಪ್ರೆಸರ್ ಒಮ್ಮೆ ಎರಡು ದಿನ ನಿಂತಿತ್ತಂತೆ. “ತಗೊಂಡ್ ಬನ್ರಮ್ಮಾ, ಇಟ್ಟು ನೋಡೋಣ” ಅಂದ್ರು. ಒಂದು ಶನಿವಾರ ಕೋಲಾರದ ಬಸ್ ಹತ್ತಿ ಹೋದ್ವಿ. ಲ್ಯಾಪ್‌ಟಾಪ್ ಒಯ್ಯಲಿಲ್ಲ. ಪ್ರೋಗ್ರಾಂ ಬೋರ್ಡಲ್ಲೇ ಇದೆಯಲ್ಲ, ಮೊಬೈಲ್ ಚಾರ್ಜರ್ ಸಾಕು ಅನ್ನೋ ಧೈರ್ಯ.

ಚಾರ್ಜರ್ ಹಾಕಿದ್ವಿ. ಬೋರ್ಡಿನ ಎಲ್‌ಇಡಿ ಮಿಟುಕಿತು, ಮಿಟುಕುತ್ತಲೇ ಇತ್ತು. ಅದು ನಮ್ಮ ಪ್ರೋಗ್ರಾಮೇ ಅಲ್ಲ! ಮೊದಲ ವಾರ ಕಲಿಯೋಕೆ ಹಾಕಿದ್ದ ರೆಡಿಮೇಡ್ ಉದಾಹರಣೆ. “ಏನ್ರಪ್ಪಾ, ಲೈಟು ಮಿಟುಕೋದು ಅಷ್ಟೇನಾ?” ಅಂತ ಮಾವ ಕೇಳಿದರು. ಟೀ ಕುಡಿದು ತಲೆ ತಗ್ಗಿಸಿ ವಾಪಸ್ ಬಂದ್ವಿ.

ಸಿ ಕೋಡಿನಲ್ಲಿ ಒಂದು ಸಾಲೂ ತಪ್ಪಿರಲಿಲ್ಲ. ತಪ್ಪಿದ್ದು ಲಿಂಕರ್‌ಗೆ ಕೊಟ್ಟ ಒಂದು ಪುಟ್ಟ ಫೈಲಿನಲ್ಲಿ. ಆವರೆಗೆ ನಾವು ಅದನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ. ನಿಮಗೆ ಹೀಗಾಗದಿರಲಿ ಅಂತ ಈ ಲೇಖನ.

ಲಿಂಕರ್ ಮಾಡೋದೇನು?

ಕಂಪೈಲರ್ ಪ್ರತಿ ಸಿ ಫೈಲನ್ನು ಒಂದು ಆಬ್ಜೆಕ್ಟ್ ಫೈಲ್ ಮಾಡುತ್ತೆ. ಅದರೊಳಗೆ ಸೆಕ್ಷನ್‌ಗಳಿರುತ್ತವೆ: ಕೋಡ್ ಇರೋದು ‘.ಟೆಕ್ಸ್ಟ್’, ಗ್ಲೋಬಲ್ ವೇರಿಯಬಲ್‌ಗಳ ಜಾಗ ‘.ಬಿಎಸ್‌ಎಸ್’, ಅವುಗಳ ಆರಂಭದ ಬೆಲೆಗಳು ‘.ಸಿಇನಿಟ್’. ಆದರೆ ಇವು ಮೆಮೊರಿಯ ಯಾವ ವಿಳಾಸದಲ್ಲಿ ಕೂರಬೇಕು ಅಂತ ಕಂಪೈಲರ್‌ಗೆ ಗೊತ್ತಿಲ್ಲ. ಅದನ್ನು ತೀರ್ಮಾನಿಸೋದು ಲಿಂಕರ್.

ಪಿಸಿಯಲ್ಲಿ ಪ್ರೋಗ್ರಾಂ ಬರೆಯುವಾಗ ಈ ಚಿಂತೆ ಇಲ್ಲ, ಆಪರೇಟಿಂಗ್ ಸಿಸ್ಟಂ ನೋಡಿಕೊಳ್ಳುತ್ತೆ. ಡಿಎಸ್‌ಪಿಯಲ್ಲಿ ನಾವೇ ಹೇಳಬೇಕು. ಹೇಳೋ ಜಾಗ ‘.ಸಿಎಂಡಿ’ ಫೈಲ್. ಅದರಲ್ಲಿ ಮುಖ್ಯವಾಗಿ ಎರಡು ಭಾಗ: ‘ಮೆಮೊರಿ’ ಮತ್ತು ‘ಸೆಕ್ಷನ್ಸ್’.

ನರಸಾಪುರ ಕೈಗಾರಿಕಾ ಪ್ರದೇಶವನ್ನೇ ನೆನಪಿಸಿಕೊಳ್ಳಿ. ಕೆಐಎಡಿಬಿ ಮೊದಲು ಲೇಔಟ್ ಮಾಡುತ್ತೆ: ಈ ಪ್ಲಾಟ್ ಇಲ್ಲಿಂದ ಶುರು, ಇಷ್ಟು ಉದ್ದ. ‘ಮೆಮೊರಿ’ ಭಾಗ ಅಂದ್ರೆ ಇದೇ. ಆಮೇಲೆ ಹಂಚಿಕೆ: ಇಲ್ಲಿ ಹೋಂಡಾ ಸ್ಕೂಟರ್, ಅಲ್ಲಿ ಐಫೋನ್ ಜೋಡಣೆ, ಇನ್ನೊಂದು ಕಡೆ ಬಿಡಿಭಾಗದ ಘಟಕ. ಅದು ‘ಸೆಕ್ಷನ್ಸ್’. ಲೇಔಟಿನಲ್ಲಿ ಇಲ್ಲದ ಪ್ಲಾಟನ್ನು ಯಾರಿಗೂ ಕೊಡೋಕಾಗಲ್ಲ, ಪ್ಲಾಟಿಗಿಂತ ದೊಡ್ಡ ಕಟ್ಟಡ ಕಟ್ಟೋಕೂ ಆಗಲ್ಲ.

ಲೆಕ್ಕ ಹಾಕಿ ನೋಡೋಣ

ನಮ್ಮದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಫ್28379ಡಿ ಲಾಂಚ್‌ಪ್ಯಾಡ್. 200 ಮೆಗಾಹರ್ಟ್ಸ್‌ನ ಸಿ28 ಕೋರ್‌ಗಳು ಎರಡು. ಅಂದ ಹಾಗೆ ಈ ಕಂಪನಿ 1985ರಲ್ಲೇ ಬೆಂಗಳೂರಿನಲ್ಲಿ ಕೇಂದ್ರ ಶುರು ಮಾಡಿತು. 1990ರ ದಶಕದ ಕೊನೆಗೆ ಅಲ್ಲಿನ ತಂಡ ‘ಅಂಕೂರ್’ ಅನ್ನೋ ಡಿಎಸ್‌ಪಿಯನ್ನು ವಿನ್ಯಾಸ ಮಾಡಿತ್ತು. ಡಿಎಸ್‌ಪಿ ನಮ್ಮೂರಿಗೆ ಹೊಸದೇನಲ್ಲ.

ಈ ಚಿಪ್ಪಿನಲ್ಲಿ ವಿಳಾಸಗಳನ್ನು 8 ಬಿಟ್ ಲೆಕ್ಕದಲ್ಲಿ ಎಣಿಸೋದಿಲ್ಲ, 16 ಬಿಟ್‌ನ ವರ್ಡ್ ಲೆಕ್ಕ. ಹಾಗಾಗಿ ಇಲ್ಲಿ ಒಂದು ಫ್ಲೋಟ್‌ನ ಸೈಜ್ ಕೇಳಿದರೆ 4 ಅಲ್ಲ, 2 ಅನ್ನುತ್ತೆ! ನಮ್ಮ ಎಫ್‌ಎಫ್‌ಟಿಗೆ 1024 ಸ್ಯಾಂಪಲ್ ಬೇಕು. 1024 × 2 = 2048 ವರ್ಡ್, ಅಂದ್ರೆ ಹೆಕ್ಸ್ 800. ‘ಎಲ್‌ಎಸ್0’ ಅನ್ನೋ ರ‍್ಯಾಮ್ ಬ್ಲಾಕ್ ಹೆಕ್ಸ್ 8000ರಲ್ಲಿ ಶುರು, ಉದ್ದ ಸರಿಯಾಗಿ ಹೆಕ್ಸ್ 800. ಒಂದು ಬಫರ್‌ಗೆ ಇಡೀ ಬ್ಲಾಕ್ ಬೇಕು. ಔಟ್‌ಪುಟ್ ಬಫರ್‌ಗೆ ಪಕ್ಕದ ಹೆಕ್ಸ್ 8800, ಅಂದ್ರೆ ‘ಎಲ್‌ಎಸ್1’.

ಇನ್ನೊಂದು ಷರತ್ತೂ ಇದೆ. ಎಫ್‌ಎಫ್‌ಟಿ ಲೈಬ್ರರಿ ಬಿಟ್-ರಿವರ್ಸ್ ಅಡ್ರೆಸಿಂಗ್ ಬಳಸುತ್ತೆ. ಅದಕ್ಕೇ ಇನ್‌ಪುಟ್ ಬಫರ್ ಹೆಕ್ಸ್ 800ರ ಗುಣಕದಲ್ಲೇ ಶುರುವಾಗಬೇಕು. ಇಲ್ಲದಿದ್ದರೆ ಎರರ್ ಏನೂ ಬರಲ್ಲ, ಉತ್ತರ ಮಾತ್ರ ತಪ್ಪು ಬರುತ್ತೆ. ಸಿ ಕೋಡಿನಲ್ಲಿ ‘ಡೇಟಾ ಸೆಕ್ಷನ್’ ಪ್ರಾಗ್ಮಾ ಹಾಕಿ ಬಫರ್‌ಗೆ ಬೇರೆ ಸೆಕ್ಷನ್ ಹೆಸರು ಕೊಡಿ. ‘.ಸಿಎಂಡಿ’ ಫೈಲಿನಲ್ಲಿ ಆ ಹೆಸರಿನ ಮುಂದೆ ‘ಅಲೈನ್’ ಸೇರಿಸಿ.

ಕಮಾಂಡ್ ಲೈನ್‌ನಲ್ಲಿ

ಐಡಿಇಯ ಸುತ್ತಿಗೆ ಬಟನ್ ಒತ್ತಿದರೂ ಒಳಗೆ ನಡೆಯೋದು ಒಂದು ಕಮಾಂಡ್. ಅದನ್ನು ಕೈಯಾರೆ ಟೈಪ್ ಮಾಡಿದಾಗಲೇ ನಮಗೆ ವಿಷಯ ಅರ್ಥವಾಗಿದ್ದು. ಇಲ್ಲಿ ಕನ್ನಡದಲ್ಲಿ ಬರೆದಿದ್ದೇವೆ, ಟರ್ಮಿನಲ್‌ನಲ್ಲಿ ದಯವಿಟ್ಟು ಇಂಗ್ಲಿಷ್ ಅಕ್ಷರದಲ್ಲೇ ಹಾಕಿ!

ಸಿಎಲ್2000 -ಝಡ್ ಮೇನ್.ಓಬಿಜೆ ಎಫ್‌ಎಫ್‌ಟಿ.ಓಬಿಜೆ ಫ್ಲ್ಯಾಶ್.ಸಿಎಂಡಿ --ರೋಮ್_ಮಾಡೆಲ್ -ಓ ಕಂಪನ.ಔಟ್ -ಎಂ ಕಂಪನ.ಮ್ಯಾಪ್

ಇದಕ್ಕೆ ‘-ಎಲ್’ ಹಾಕಿ ರನ್‌ಟೈಮ್ ಲೈಬ್ರರಿಯನ್ನೂ, ನೀವು ಬಳಸುವ ಬೇರೆ ಲೈಬ್ರರಿಗಳನ್ನೂ ಸೇರಿಸಬೇಕು. ‘-ಝಡ್’ ಆದ ಮೇಲೆ ಬರೋದೆಲ್ಲ ಲಿಂಕರ್‌ಗೆ ಹೋಗುತ್ತೆ. ‘-ಓ’ ಔಟ್‌ಪುಟ್ ಹೆಸರು. ‘ರೋಮ್ ಮಾಡೆಲ್’ ಅಂದ್ರೆ, ವೇರಿಯಬಲ್‌ಗಳ ಆರಂಭದ ಬೆಲೆಗಳನ್ನು ಮೇನ್ ಶುರುವಾಗೋ ಮುಂಚೆ ಬೋರ್ಡೇ ತುಂಬಿಕೊಳ್ಳಲಿ ಅಂತ. ‘-ಎಂ’ ಕೊಟ್ಟರೆ ಮ್ಯಾಪ್ ಫೈಲ್ ಸಿಗುತ್ತೆ. ಯಾವ ಬ್ಲಾಕ್ ಎಷ್ಟು ತುಂಬಿದೆ, ಎಷ್ಟು ಖಾಲಿ, ಯಾವ ಫಂಕ್ಷನ್ ಯಾವ ವಿಳಾಸದಲ್ಲಿದೆ ಎಲ್ಲಾ ಅದರಲ್ಲಿದೆ. ನಾವು ಬಸ್ ಹತ್ತೋ ಮುಂಚೆ ಮ್ಯಾಪ್ ಫೈಲ್ ಒಂದು ನಿಮಿಷ ನೋಡಿದ್ದರೆ ಸಾಕಿತ್ತು. ನಮ್ಮ ‘.ಟೆಕ್ಸ್ಟ್’ ಪೂರ್ತಿ ರ‍್ಯಾಮ್‌ನಲ್ಲಿತ್ತು!

ನಾವು ಲಿಂಕ್ ಮಾಡಿದ್ದು ರ‍್ಯಾಮ್‌ನ ‘.ಸಿಎಂಡಿ’ ಫೈಲ್ ಹಿಡಿದು. ಡೀಬಗ್ಗರ್ ಕೇಬಲ್ ಮೂಲಕ ಕೋಡನ್ನು ರ‍್ಯಾಮ್‌ಗೆ ತುಂಬಿಸುತ್ತಿತ್ತು, ಓಡುತ್ತಿತ್ತು. ಕರೆಂಟ್ ಹೋದ ತಕ್ಷಣ ರ‍್ಯಾಮ್ ಖಾಲಿ. ಮತ್ತೆ ಕರೆಂಟ್ ಬಂದಾಗ ಚಿಪ್ ಫ್ಲ್ಯಾಶ್‌ನ ಮೊದಲ ವಿಳಾಸ ಹೆಕ್ಸ್ 80000ಕ್ಕೆ ಹೋಯ್ತು. ಅಲ್ಲಿ ಸಿಕ್ಕಿದ್ದು ಹಳೇ ಮಿಟುಕೋ ಪ್ರೋಗ್ರಾಂ.

ಒಂದು ಕೋಡಿಗೆ ಎರಡು ವಿಳಾಸ

ಸರಿ, ಫ್ಲ್ಯಾಶ್‌ನ ‘.ಸಿಎಂಡಿ’ ಹಾಕಿದ್ವಿ. ಆಗಲೂ ಓಡಲಿಲ್ಲ. ಮಜಾ ಏನಂದ್ರೆ, ರೀಸೆಟ್ ಒತ್ತಿದರೆ ಕೆಲವೊಮ್ಮೆ ಓಡುತ್ತಿತ್ತು, ಪವರ್ ತೆಗೆದು ಹಾಕಿದರೆ ಇಲ್ಲ. ಎರಡು ರಾತ್ರಿ ಹೋಯ್ತು.

ಕಾರಣ ಇದು. ಫ್ಲ್ಯಾಶ್ ನಿಧಾನ. ಅದರ ವೇಟ್ ಸ್ಟೇಟ್ ಹೊಂದಿಸೋ ಫಂಕ್ಷನ್ ಫ್ಲ್ಯಾಶ್‌ನಲ್ಲೇ ಕೂತು ಓಡಬಾರದು, ಕೂತ ಕೊಂಬೆಯನ್ನೇ ಕಡಿದ ಹಾಗಾಗುತ್ತೆ. ಅದಕ್ಕೆ ಇಂಥ ಫಂಕ್ಷನ್‌ಗಳನ್ನು ‘ರ‍್ಯಾಮ್‌ಫಂಕ್’ ಸೆಕ್ಷನ್‌ಗೆ ಹಾಕಿ ಎರಡು ವಿಳಾಸ ಕೊಡುತ್ತಾರೆ: ‘ಲೋಡ್’ ಫ್ಲ್ಯಾಶ್‌ನಲ್ಲಿ, ‘ರನ್’ ರ‍್ಯಾಮ್‌ನಲ್ಲಿ.

ನರಸಾಪುರದಲ್ಲಿ ಕೆಲಸ ಮಾಡೋ ಎಷ್ಟೋ ಜನರಿಗೂ ಹೀಗೇ ಎರಡು ವಿಳಾಸ. ರಾತ್ರಿ ಮಲಗೋ ರೂಮು ಕೋಲಾರದಲ್ಲೋ ಮಾಲೂರಲ್ಲೋ, ಕೆಲಸ ಇಲ್ಲಿ. ನಡುವೆ ಕಂಪನಿ ಬಸ್ ಇದೆ. ಬಸ್ ಬರದಿದ್ದರೆ ಶಿಫ್ಟ್ ಇಲ್ಲ. ನಮ್ಮ ಕೋಡಿನಲ್ಲಿ ಆ ಬಸ್ ‘ಮೆಮ್‌ಕಾಪಿ’. ಲಿಂಕರ್ ಎರಡು ವಿಳಾಸ ಬರೆದಿಡುತ್ತೆ ಅಷ್ಟೇ, ಕರೆದುಕೊಂಡು ಹೋಗೋದು ನಮ್ಮ ಕೋಡಿನ ಕೆಲಸ. ಡ್ರೈವರ್ ಲೈಬ್ರರಿಯಲ್ಲಿ ಆ ಸಾಲು ಇತ್ತು. ಆದರೆ ಕಂಪೈಲ್ ಮಾಡುವಾಗ ‘_ಫ್ಲ್ಯಾಶ್’ ಅನ್ನೋ ಡಿಫೈನ್ ಕೊಟ್ಟರೆ ಮಾತ್ರ ಅದು ಸೇರುತ್ತೆ. ನಾವು ಲಿಂಕರ್‌ಗೆ ಹೇಳಿದ್ವಿ, ಕಂಪೈಲರ್‌ಗೆ ಹೇಳಲಿಲ್ಲ. ರೀಸೆಟ್ ಒತ್ತಿದಾಗ ರ‍್ಯಾಮ್ ಅಳಿಸಿ ಹೋಗಿರಲಿಲ್ಲ, ಹಿಂದಿನ ಸಲದ ಕಾಪಿ ಅಲ್ಲೇ ಉಳಿದಿದ್ದರೆ ಓಡುತ್ತಿತ್ತು. ಭೂತ ಚೇಷ್ಟೆಯೇನೂ ಇರಲಿಲ್ಲ.

ಎರರ್ ಬಂದರೆ ಹೆದರಬೇಡಿ

“ಪ್ರೋಗ್ರಾಂ ವಿಲ್ ನಾಟ್ ಫಿಟ್”, ಸಂಖ್ಯೆ 10099: ಪ್ಲಾಟ್ ಚಿಕ್ಕದು. ದೊಡ್ಡ ಬ್ಲಾಕಿಗೆ ಕಳಿಸಿ, ಇಲ್ಲವೇ ‘>>’ ಗುರುತು ಹಾಕಿ ಎರಡು ಮೂರು ಬ್ಲಾಕಿಗೆ ಹಂಚಿ.

“ಅನ್‌ರಿಸಾಲ್ವ್ಡ್ ಸಿಂಬಲ್”, ಸಂಖ್ಯೆ 10234: ಯಾವುದೋ ಫಂಕ್ಷನ್ ಕರೆದಿದ್ದೀರಿ, ಅದಿರೋ ಫೈಲನ್ನೋ ಲೈಬ್ರರಿಯನ್ನೋ ಕೊಟ್ಟಿಲ್ಲ.

ಎರರೇ ಬಾರದ ತಪ್ಪು ಇನ್ನೂ ಅಪಾಯ. ಒಂದೇ ರ‍್ಯಾಮ್ ಬ್ಲಾಕನ್ನು ‘ಪೇಜ್ 0’ ಮತ್ತು ‘ಪೇಜ್ 1’ ಎರಡರಲ್ಲೂ ಬರೆದರೆ ಲಿಂಕರ್ ಅವನ್ನು ಬೇರೆ ಬೇರೆ ಜಾಗ ಅಂದುಕೊಳ್ಳುತ್ತೆ. ಒಂದೇ ಸೈಟನ್ನು ಇಬ್ಬರಿಗೆ ಮಾರಿದ ಹಾಗೆ!

ಕೊನೆಗೆ

ಮೂರು ವಾರ ಬಿಟ್ಟು ಮತ್ತೆ ನರಸಾಪುರಕ್ಕೆ ಹೋದ್ವಿ. ಹೊರಡೋ ಮುಂಚೆ ಲ್ಯಾಪ್‌ಟಾಪ್ ಕೇಬಲ್ ಕಿತ್ತು, ಚಾರ್ಜರ್‌ನಲ್ಲಿ ಹತ್ತು ಸಲ ಆನ್ ಆಫ್ ಮಾಡಿ ನೋಡಿದ್ವಿ. ಕಂಪ್ರೆಸರ್ ಮೇಲೆ ಇಟ್ಟಾಗ ಕೆಂಪು ಲೈಟ್ ಹತ್ತಲಿಲ್ಲ. ನಮಗೆ ಸ್ವಲ್ಪ ನಿರಾಸೆ. ಮಾವ ಮಾತ್ರ ನಕ್ಕರು: “ಹತ್ತದೇ ಇದ್ದರೇನೇ ನನಗೆ ಒಳ್ಳೇದಲ್ವೇನಮ್ಮಾ? ಇಲ್ಲೇ ಇರಲಿ ಬಿಡಿ.” ಬೋರ್ಡ್ ಈಗಲೂ ಅಲ್ಲೇ ಇದೆ. ಅಲ್ಲಿ ದಿನಾ ಕರೆಂಟ್ ಹೋಗುತ್ತೆ, ಬರುತ್ತೆ. ಪ್ರೋಗ್ರಾಂ ಎಲ್ಲಿಗೂ ಹೋಗಿಲ್ಲ.