ಕಾಲೇಜಿನ ಬಾಸ್ಕೆಟ್‌ಬಾಲ್ ಗಾರ್ಡ್: ಆಟವೇ ಕಸುಬಾಗಬಹುದೇ?



ನಮ್ಮ ಕರಾವಳಿಯಿಂದ ಹೋಗಿ ಬಿಡದಿಯ ಕಾರ್ಖಾನೆಯಲ್ಲಿ ದುಡಿಯುತ್ತಾ ರಾಮನಗರದಲ್ಲಿ ಮನೆ ಮಾಡಿಕೊಂಡಿರುವ ಒಬ್ಬರು ಇತ್ತೀಚೆಗೆ ಫೋನ್ ಮಾಡಿದ್ದರು. ಮಗ ಅಲ್ಲಿಯೇ ಪದವಿ ಕಾಲೇಜಿನಲ್ಲಿ ಎರಡನೆಯ ವರ್ಷ ಕಲಿಯುತ್ತಿದ್ದಾನೆ. ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಗಾರ್ಡ್ ಆಗಿ ಆಡುತ್ತಾನೆ. "ಫಾದರ್, ಕಾಲೇಜು ಬಿಟ್ಟು ಬೆಂಗಳೂರಿಗೆ ಹೋಗಿ ಆಟ ಮಾತ್ರ ಆಡ್ತೇನೆ ಅಂತ ಹೇಳ್ತಾನೆ. ಪ್ರೊಫೆಷನಲ್ ಆಗ್ತಾನಂತೆ. ಕ್ರಿಕೆಟ್ ಆಗಿದ್ರೆ ನನಗೂ ಸ್ವಲ್ಪ ಗೊತ್ತಿತ್ತು, ಇದು ತಲೆಗೆ ಹೋಗುವುದಿಲ್ಲ. ಈಗ ಎಂತ ಮಾಡುವುದು?" ಎಂದು ಕೇಳಿದರು.

ಇಂಥ ಪ್ರಶ್ನೆ ಒಂದೇ ಮನೆಯದಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ನೆಲೆಸಿರುವ ನಮ್ಮವರ ಮಕ್ಕಳಿಗೂ, ಮಂಗಳೂರು ಉಡುಪಿಯ ಮಕ್ಕಳಿಗೂ ಇದು ಅನ್ವಯಿಸುತ್ತದೆ. ಆದ್ದರಿಂದ ಅವರಿಗೆ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಗಾರ್ಡ್ ಎಂದರೆ ಯಾರು?

1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಈ ಆಟವನ್ನು ರೂಪಿಸಿದರು. ಇಂದು ಪ್ರತಿ ತಂಡದಿಂದ ಐವರು, 28 ಮೀಟರ್ ಉದ್ದ, 15 ಮೀಟರ್ ಅಗಲದ ಅಂಕಣದಲ್ಲಿ, 10 ನಿಮಿಷದ ನಾಲ್ಕು ಅವಧಿ ಆಡುತ್ತಾರೆ. ಬುಟ್ಟಿಯ ಎತ್ತರ 3.05 ಮೀಟರ್. ಐವರಲ್ಲಿ ಸಾಮಾನ್ಯವಾಗಿ ಇಬ್ಬರು ಗಾರ್ಡ್, ಇಬ್ಬರು ಫಾರ್ವರ್ಡ್, ಒಬ್ಬ ಸೆಂಟರ್.

ಗಾರ್ಡ್ ಎಂಬ ಹೆಸರು ಕೇಳಿ ಕಾವಲುಗಾರ ಎಂದುಕೊಳ್ಳಬಾರದು. ಚೆಂಡನ್ನು ಹಿಂದಿನಿಂದ ಮುಂದಕ್ಕೆ ತರುವವನು, ಯಾರಿಗೆ ಯಾವಾಗ ಕೊಡಬೇಕೆಂದು ನಿರ್ಧರಿಸುವವನು ಅವನೇ. ಎಂಟು ಸೆಕೆಂಡಿನೊಳಗೆ ಚೆಂಡು ಅರ್ಧ ಅಂಕಣ ದಾಟಬೇಕು. 24 ಸೆಕೆಂಡಿನೊಳಗೆ ಬುಟ್ಟಿಯತ್ತ ಎಸೆತ ಆಗಬೇಕು. ಈ ಲೆಕ್ಕವೆಲ್ಲ ಗಾರ್ಡ್‌ನ ತಲೆಯಲ್ಲಿರಬೇಕು. ದೂರದಿಂದ, ಅಂದರೆ 6.75 ಮೀಟರ್ ಗೆರೆಯ ಆಚೆಯಿಂದ ಮೂರು ಅಂಕದ ಎಸೆತ ಹಾಕುವುದೂ ಹೆಚ್ಚಾಗಿ ಅವನ ಪಾಲಿನ ಕೆಲಸ.

ಎತ್ತರದ ವಿಷಯದಲ್ಲಿ ಗಾರ್ಡ್‌ಗೆ ಉಳಿದವರಿಗಿಂತ ತುಸು ವಿನಾಯಿತಿ ಇದೆ. ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ ಮಗ್ಸಿ ಬೋಗ್ಸ್ ಎಂಬವರು ಕೇವಲ 5 ಅಡಿ 3 ಅಂಗುಲ ಎತ್ತರವಿದ್ದು 14 ಋತು ಆಡಿದರು. ಸ್ಟೀಫನ್ ಕರಿ 6 ಅಡಿ 2 ಅಂಗುಲ. ಡೇವಿಡ್ಸನ್ ಎಂಬ ಸಣ್ಣ ಕಾಲೇಜಿನಿಂದ ಬಂದವರು. ಮೈಕಟ್ಟು ಸಾಲದು ಎಂದು ಅನುಮಾನಿಸಿದವರ ನಡುವೆಯೇ 2009ರಲ್ಲಿ ಆಯ್ಕೆಯಾಗಿ ನಾಲ್ಕು ಸಲ ಚಾಂಪಿಯನ್ ತಂಡದಲ್ಲಿದ್ದರು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ನೋಡಿದವರಿಗೆ ಇದು ಬೇಗ ಅರ್ಥವಾದೀತು. ಅಲ್ಲಿ ಗೂಡಿನ ಗಾತ್ರ ಒಂದನ್ನೇ ನೋಡಿ ಯಾರೂ ಬೆಲೆ ಕಟ್ಟುವುದಿಲ್ಲ, ನೂಲು ಎಷ್ಟು ಬಿಚ್ಚೀತು ಎಂದು ನೋಡುತ್ತಾರೆ.

ಅಮೆರಿಕದ ಲೆಕ್ಕ

ಹುಡುಗರು ಮೊಬೈಲಿನಲ್ಲಿ ನೋಡುವುದು ಎನ್‌ಬಿಎ. ಅಲ್ಲಿ ಇರುವುದು 30 ತಂಡ. ಪ್ರತಿ ತಂಡಕ್ಕೆ 15 ಪೂರ್ಣ ಒಪ್ಪಂದ, ಅಂದರೆ ಒಟ್ಟು 450 ಸ್ಥಾನ. ಇದಕ್ಕೆ ಕೆಲವು ಅರೆಕಾಲಿಕ ಸ್ಥಾನಗಳು ಸೇರುತ್ತವೆ. ವರ್ಷಕ್ಕೊಮ್ಮೆ ನಡೆಯುವ ಡ್ರಾಫ್ಟ್ ಆಯ್ಕೆಯಲ್ಲಿ ಹೆಚ್ಚೆಂದರೆ 60 ಹೆಸರು. ಅವರಲ್ಲಿ ಯುರೋಪಿನ ಆಟಗಾರರೂ ಇರುತ್ತಾರೆ. ಆದರೆ ಅಮೆರಿಕದ ಮೇಲ್ಮಟ್ಟದ ಕಾಲೇಜು ತಂಡಗಳೇ 350ಕ್ಕೂ ಹೆಚ್ಚು. ಅಲ್ಲಿಯ ಕಾಲೇಜು ಕ್ರೀಡಾ ಸಂಸ್ಥೆಯೇ ಹೇಳುವ ಪ್ರಕಾರ, ಆಯ್ಕೆಗೆ ಅರ್ಹರಾದ ಕಾಲೇಜು ಆಟಗಾರರಲ್ಲಿ ಎನ್‌ಬಿಎ ತಂಡಗಳು ಆರಿಸಿಕೊಳ್ಳುವುದು ನೂರಕ್ಕೆ ಸುಮಾರು ಒಬ್ಬರನ್ನು.

ಭಾರತದಲ್ಲಿ ಹುಟ್ಟಿ ಈ ಆಯ್ಕೆಗೆ ಬಂದ ಮೊದಲಿಗರು ಪಂಜಾಬಿನ ಸತ್ನಾಮ್ ಸಿಂಗ್. 7 ಅಡಿ 2 ಅಂಗುಲ ಎತ್ತರದ ಸೆಂಟರ್. 2015ರಲ್ಲಿ ಡಲ್ಲಾಸ್ ಮಾವರಿಕ್ಸ್ ತಂಡ 52ನೆಯವರಾಗಿ ಆರಿಸಿತು. ಆದರೂ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡುವ ಅವಕಾಶ ಅವರಿಗೆ ಸಿಗಲಿಲ್ಲ. 2021ರಲ್ಲಿ ಅವರು ವೃತ್ತಿಪರ ಕುಸ್ತಿ ಸಂಸ್ಥೆಯೊಂದನ್ನು ಸೇರಿದರು. ಆಯ್ಕೆ ಆಗುವುದು ಬೇರೆ, ಉಳಿಯುವುದು ಬೇರೆ ಎಂಬುದನ್ನು ಮಕ್ಕಳು ಇಲ್ಲಿ ಗಮನಿಸಬೇಕು.

ಭಾರತದಲ್ಲಿ ಪ್ರೊಫೆಷನಲ್ ಎಂದರೆ ಏನು?

ನಮ್ಮ ದೇಶದಲ್ಲಿ ಬಾಸ್ಕೆಟ್‌ಬಾಲ್ ಲೀಗ್‌ಗಳು ಆಗಿಲ್ಲವೆಂದಲ್ಲ. 2015ರಲ್ಲಿ ಯುಬಿಎ ಎಂಬ ಲೀಗ್ ಆರಂಭವಾಯಿತು, ಅದರಲ್ಲಿ ಬೆಂಗಳೂರು ಬೀಸ್ಟ್ ಎಂಬ ತಂಡವಿತ್ತು. 2017ರಲ್ಲಿ ಅದು ನಿಂತಿತು. 2022-23ರಲ್ಲಿ ಭಾರತೀಯ ಬಾಸ್ಕೆಟ್‌ಬಾಲ್ ಫೆಡರೇಶನ್ ಐಎನ್‌ಬಿಎಲ್ ಲೀಗ್ ನಡೆಸಿತು. ಬೆಂಗಳೂರು ಕಿಂಗ್ಸ್ ಸೇರಿ ಆರು ನಗರ ತಂಡಗಳಿದ್ದವು, ಚೆನ್ನೈ ಹೀಟ್ ಗೆದ್ದಿತು. 2025ರಲ್ಲಿ 25 ವರ್ಷದೊಳಗಿನವರಿಗಾಗಿ ಐಎನ್‌ಬಿಎಲ್ ಪ್ರೊ ನಡೆಯಿತು. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಇಂಥ ಲೀಗ್ ಕೆಲವು ವಾರಗಳದ್ದು. ಒಂದು ವರ್ಷ ಇದ್ದರೆ ಮುಂದಿನ ವರ್ಷ ಇರುತ್ತದೆಂದು ಹೇಳಲಾಗದು. ಮನೆ ಬಾಡಿಗೆ ಪ್ರತಿ ತಿಂಗಳೂ ಕಟ್ಟಬೇಕು.

ಹಾಗಾದರೆ ನಮ್ಮ ಒಳ್ಳೆಯ ಆಟಗಾರರು ಹೇಗೆ ಬದುಕುತ್ತಾರೆ? ನೌಕರಿಯಿಂದ. ರೈಲ್ವೆ, ಸೇನೆ, ಪೊಲೀಸ್, ಆದಾಯ ತೆರಿಗೆ ಇಲಾಖೆ, ಒಎನ್‌ಜಿಸಿ, ಬ್ಯಾಂಕುಗಳು ಆಟಗಾರರನ್ನು ಕೆಲಸಕ್ಕೆ ತೆಗೆದುಕೊಂಡು ತಮ್ಮ ತಂಡದಲ್ಲಿ ಆಡಿಸುತ್ತವೆ. ಭಾರತದಲ್ಲಿ ಬಾಸ್ಕೆಟ್‌ಬಾಲ್ ಕಸುಬು ಎಂದರೆ ಬಹುಮಟ್ಟಿಗೆ ಇದೇ.

ಇದಕ್ಕೆ ಒಳ್ಳೆಯ ಉದಾಹರಣೆ ಒಬ್ಬ ಗಾರ್ಡ್. ವಾರಾಣಸಿಯ ವಿಶೇಷ್ ಭೃಗುವಂಶಿ, 6 ಅಡಿ 4 ಅಂಗುಲ, ಭಾರತ ತಂಡದ ನಾಯಕರಾಗಿದ್ದವರು. 2017ರಲ್ಲಿ ಆಸ್ಟ್ರೇಲಿಯದ ಅಡಿಲೇಡ್ 36ರ್ಸ್ ತಂಡದೊಂದಿಗೆ ಒಪ್ಪಂದವಾಯಿತು. ಆ ದೇಶದ ಎನ್‌ಬಿಎಲ್ ಲೀಗ್‌ನ ತಂಡಕ್ಕೆ ಸಹಿ ಮಾಡಿದ ಮೊದಲ ಭಾರತೀಯ ಅವರೇ. 2020ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಇಷ್ಟಾದರೂ ದೇಶದೊಳಗೆ ಅವರು ಆಡಿದ್ದು ಒಎನ್‌ಜಿಸಿ ತಂಡದ ಪರವಾಗಿ. ದೇಶದ ಅತ್ಯುತ್ತಮ ಗಾರ್ಡ್‌ಗಳಲ್ಲಿ ಒಬ್ಬರೂ ಹಿಡಿದದ್ದು ಈ ದಾರಿಯನ್ನೇ.

ನಮ್ಮ ಕರಾವಳಿಗೂ ಇದರಲ್ಲಿ ಪಾಲಿದೆ. 1931ರಲ್ಲಿ ಮಂಗಳೂರಿನಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರು ಕಟ್ಟಿದ ವಿಜಯಾ ಬ್ಯಾಂಕ್, ಬೆಂಗಳೂರಿನಲ್ಲಿ ಹೆಸರಾಂತ ಬಾಸ್ಕೆಟ್‌ಬಾಲ್ ತಂಡವನ್ನು ಸಾಕಿತ್ತು. 2019ರ ಏಪ್ರಿಲ್ 1ರಂದು ಆ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ ವಿಲೀನವಾಯಿತು. ಬ್ಯಾಂಕುಗಳು ಒಂದಾದಂತೆ ಆಟಗಾರರಿಗೆ ಕೆಲಸ ಕೊಡುವ ಸಂಸ್ಥೆಗಳ ಸಂಖ್ಯೆಯೂ ಕಡಿಮೆಯಾಗುತ್ತದೆ. ಆದ್ದರಿಂದ ಒಂದೇ ಬಾಗಿಲನ್ನು ನಂಬಿ ಕೂರಬಾರದು.

ಬಾಗಿಲು ತೆರೆಯುವ ಕಾಗದ

ಆ ತಂದೆಗೆ ನಾನು ಮುಖ್ಯವಾಗಿ ಹೇಳಿದ್ದು ಈ ಭಾಗವನ್ನೇ. ಕೇಂದ್ರ ಸರಕಾರದ ಗ್ರೂಪ್ ಸಿ ಹುದ್ದೆಗಳ ನೇರ ನೇಮಕಾತಿಯಲ್ಲಿ ಶೇಕಡಾ 5ರವರೆಗೆ ಕ್ರೀಡಾಪಟುಗಳನ್ನು ತೆಗೆದುಕೊಳ್ಳಲು ಅವಕಾಶವಿದೆ. ಬಾಸ್ಕೆಟ್‌ಬಾಲ್ ಆ ಪಟ್ಟಿಯಲ್ಲಿದೆ. ಅರ್ಹತೆಗೆ ಬೇಕಾದದ್ದು ಇಷ್ಟು: ದೇಶವನ್ನು ಅಥವಾ ರಾಜ್ಯವನ್ನು ಪ್ರತಿನಿಧಿಸಿರಬೇಕು, ಇಲ್ಲವೇ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ತನ್ನ ವಿಶ್ವವಿದ್ಯಾಲಯದ ಪರ ಆಡಿರಬೇಕು, ಇಲ್ಲವೇ ರಾಷ್ಟ್ರಮಟ್ಟದ ಶಾಲಾ ಕ್ರೀಡಾಕೂಟದಲ್ಲಿ ರಾಜ್ಯ ಶಾಲಾ ತಂಡದಲ್ಲಿರಬೇಕು. ಮೊದಲ ಮೂರು ಸ್ಥಾನ ಗಳಿಸಿದವರಿಗೆ ಆದ್ಯತೆ. ಇದರ ಜೊತೆಗೆ ಆ ಹುದ್ದೆಗೆ ನಿಗದಿಯಾದ ವಿದ್ಯಾರ್ಹತೆಯೂ ಇರಲೇಬೇಕು. ರೈಲ್ವೆಗೆ ಅದರದೇ ನಿಯಮಗಳಿವೆ, ವಯಸ್ಸು ಸಾಮಾನ್ಯವಾಗಿ 18ರಿಂದ 25. ಅರ್ಜಿ ಹಾಕುವಾಗ ಆಯಾ ಅಧಿಸೂಚನೆಯನ್ನು ಓದಬೇಕು.

ಈಗ ನೋಡಿ. ವಿಶ್ವವಿದ್ಯಾಲಯದ ತಂಡದಲ್ಲಿ ಆಡಬೇಕಾದರೆ ಅಲ್ಲಿ ವಿದ್ಯಾರ್ಥಿಯಾಗಿರಬೇಕು. ಕಾಲೇಜು ಬಿಟ್ಟ ದಿನವೇ ಆ ಅರ್ಹತೆ ಹೋಯಿತು. ಶಾಲಾ ಕ್ರೀಡಾಕೂಟದ ವಯಸ್ಸಂತೂ ದಾಟಿದೆ. ಉಳಿಯುವುದು ರಾಜ್ಯ ತಂಡ ಮಾತ್ರ. 12 ಜನರ ಆ ತಂಡಕ್ಕೆ ಈಗಾಗಲೇ ನೌಕರಿಯಲ್ಲಿರುವ ಅನುಭವಿಗಳ ಜೊತೆ ಅವನು ಸ್ಪರ್ಧಿಸಬೇಕು. ಆಟಕ್ಕಾಗಿ ಕಾಲೇಜು ಬಿಡುವ ಹುಡುಗ ಆಟದ ಅತ್ಯಂತ ದೊಡ್ಡ ಬಾಗಿಲನ್ನು ತಾನೇ ಮುಚ್ಚುತ್ತಾನೆ. ಇದು ಓದಿನ ಮೇಲಿನ ಹಿರಿಯರ ಮೋಹದಿಂದ ಹೇಳುವ ಮಾತಲ್ಲ, ನಿಯಮ ಇರುವುದೇ ಹೀಗೆ.

ನಾಲ್ಕು ತಾಲ್ಲೂಕುಗಳ ಹುಡುಗನಿಗೆ

2007ರಲ್ಲಿ ಈ ನಾಲ್ಕು ತಾಲ್ಲೂಕು ಸೇರಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಟ್ಟರು. ಹೆಸರು ಬದಲಾದರೂ ದೂರ ಅಷ್ಟೇ ಇದೆ. ರಾಜ್ಯದ ದೊಡ್ಡ ಪಂದ್ಯಗಳು ಹೆಚ್ಚಾಗಿ ನಡೆಯುವುದು ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ. ಬೀಗಲ್ಸ್, ಯಂಗ್ ಓರಿಯನ್ಸ್‌ನಂಥ ಹಳೆಯ ಕ್ಲಬ್ಬುಗಳಿರುವುದೂ ಅದೇ ಊರಿನಲ್ಲಿ. ರಾಮನಗರ, ಚನ್ನಪಟ್ಟಣದವರಿಗೆ ಮೈಸೂರು ಮಾರ್ಗದ ರೈಲಿದೆ. ಕನಕಪುರ, ಮಾಗಡಿಯವರಿಗೆ ಬಸ್ಸೇ ಗತಿ. ದಿನಕ್ಕೆ ಮೂರು ನಾಲ್ಕು ಗಂಟೆ ಪ್ರಯಾಣದಲ್ಲಿ ಕಳೆದರೆ ಅಭ್ಯಾಸಕ್ಕೂ ಓದಿಗೂ ಉಳಿಯುವುದೇನು? ವಾರಾಂತ್ಯದಲ್ಲಿ ಮಾತ್ರ ಬೆಂಗಳೂರು, ಉಳಿದ ದಿನ ಕಾಲೇಜಿನ ಅಂಕಣ ಎಂದು ಮಾಡಿಕೊಳ್ಳುವುದು ಮೇಲು.

ಒಂದು ಅನುಕೂಲವೂ ಇದೆ. ಕನಕಪುರ ರಸ್ತೆಯ ಜಕ್ಕಸಂದ್ರದಲ್ಲಿ ಜೈನ್ ವಿಶ್ವವಿದ್ಯಾಲಯದ ದೊಡ್ಡ ಕ್ಯಾಂಪಸ್ ಇದೆ. 2022ರ ಏಪ್ರಿಲ್ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಆತಿಥ್ಯ ವಹಿಸಿ, 20 ಚಿನ್ನದೊಂದಿಗೆ ಮೊದಲ ಸ್ಥಾನ ಪಡೆದದ್ದು ಇದೇ ವಿಶ್ವವಿದ್ಯಾಲಯ. ಕ್ರೀಡೆಗೆ ಮಹತ್ವ ಕೊಡುವ ಇಂಥ ಸಂಸ್ಥೆಗಳಲ್ಲಿ ಆಟಗಾರರಿಗೆ ಶುಲ್ಕ ರಿಯಾಯಿತಿ ಇದೆಯೇ ಎಂದು ಸ್ನಾತಕೋತ್ತರ ಪದವಿಗೆ ಸೇರುವಾಗ ವಿಚಾರಿಸಬಹುದು.

ಹೆಣ್ಣುಮಕ್ಕಳನ್ನೂ ಮರೆಯಬಾರದು. 2017ರ ಜುಲೈಯಲ್ಲಿ ಕಂಠೀರವದಲ್ಲೇ ಭಾರತದ ವನಿತೆಯರು ಕಜಕಸ್ತಾನವನ್ನು ಸೋಲಿಸಿ ಏಷ್ಯಾ ಕಪ್ ಬಿ ವಿಭಾಗ ಗೆದ್ದು ಮೇಲಿನ ವಿಭಾಗಕ್ಕೆ ಏರಿದರು. ಕರ್ನಾಟಕದ ಎಚ್.ಎಂ. ಬಾಂಧವ್ಯ, ಪಿ.ಯು. ನವನೀತಾ ಭಾರತದ ಪರ ಆಡಿದವರು. ಬೆಂಗಳೂರಿನ ಸಂಜನಾ ರಮೇಶ್ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದರು. ಅವರಿಗೆ ಆಟವೇ ಓದಿನ ದಾರಿಯಾಯಿತು.

ಕೋಚ್‌ರನ್ನು ಏನು ಕೇಳಬೇಕು?

"ನನ್ನ ಮಗ ಚೆನ್ನಾಗಿ ಆಡುತ್ತಾನಾ?" ಎಂದು ಕೇಳಿದರೆ ಯಾವ ಕೋಚ್ ಸಹ ಇಲ್ಲವೆನ್ನುವುದಿಲ್ಲ. ಹೀಗೆ ಕೇಳಿ:

1. ಎದುರಾಳಿ ಮೈಮೇಲೆ ಬಂದಾಗಲೂ ಎರಡೂ ಕೈಯಲ್ಲಿ ಚೆಂಡು ಪುಟಿಸಬಲ್ಲನೇ?

2. ಅವನು ಕೊಟ್ಟ ಚೆಂಡಿನಿಂದ ಎಷ್ಟು ಬುಟ್ಟಿ ಬಿದ್ದವು, ಅವನು ಎಷ್ಟು ಸಲ ಚೆಂಡು ಕಳೆದುಕೊಂಡ? ಒಂದು ಸಲ ಕಳೆದುಕೊಂಡರೆ ಎರಡು ಬುಟ್ಟಿಗಾದರೂ ನೆರವಾಗಿರಬೇಕು.

3. ನೂರು ಫ್ರೀ ಥ್ರೋಗಳಲ್ಲಿ ಎಷ್ಟು ಬೀಳುತ್ತವೆ? ಒಳ್ಳೆಯ ಗಾರ್ಡ್‌ಗೆ 80ರ ಹತ್ತಿರ ಇರಬೇಕು.

4. ತನ್ನ ಎದುರಿನ ಗಾರ್ಡ್‌ನನ್ನು ತಡೆಯಬಲ್ಲನೇ? ಅಥವಾ ಅಂಕ ಹಾಕುವುದಷ್ಟೇ ಅವನ ಆಟವೇ?

5. ಬೆಂಗಳೂರಿನ ಬಲಿಷ್ಠ ತಂಡದ ಎದುರು ಆಡಿದಾಗ ಏನಾಯಿತು?

ತಾಲ್ಲೂಕು ಮಟ್ಟದಲ್ಲಿ 30 ಅಂಕ ಹಾಕುವುದಕ್ಕಿಂತ ಐದನೆಯ ಪ್ರಶ್ನೆಯ ಉತ್ತರ ಹೆಚ್ಚು ಹೇಳುತ್ತದೆ.

ಇನ್ನೆರಡು ಎಚ್ಚರಿಕೆ. ಲೀಗ್ ಆಯ್ಕೆ ಮಾಡಿಸುತ್ತೇವೆಂದು ಹಣ ಕೇಳುವವರನ್ನು ನಂಬಬೇಡಿ, ರಾಜ್ಯ ಬಾಸ್ಕೆಟ್‌ಬಾಲ್ ಸಂಸ್ಥೆಯಲ್ಲಿ ವಿಚಾರಿಸಿ. ಜಿಮ್‌ನಲ್ಲಿ ಕೊಡುವ ಪುಡಿ, ಮಾತ್ರೆಗಳನ್ನು ವೈದ್ಯರಿಗೆ ತೋರಿಸದೆ ತೆಗೆದುಕೊಳ್ಳಬಾರದು. ನಿಷೇಧಿತ ಔಷಧ ಪತ್ತೆಯಾದರೆ ನಾಲ್ಕು ವರ್ಷದವರೆಗೂ ನಿಷೇಧ ಬೀಳಬಹುದು. ಆಟಗಾರನ ಆಯುಷ್ಯದಲ್ಲಿ ಅದು ಬಹಳ ದೊಡ್ಡ ಕಾಲ.

ಕೊನೆಯ ಮಾತು

ಆ ತಂದೆಗೆ ಹೇಳಿದ್ದು ಇಷ್ಟೇ. ಮಗನಿಗೆ "ಆಟ ಬಿಡು" ಎನ್ನಬೇಡಿ. "ಕಾಲೇಜಿನಲ್ಲಿದ್ದುಕೊಂಡೇ ಆಡು, ಈ ಎರಡು ವರ್ಷದಲ್ಲಿ ವಿಶ್ವವಿದ್ಯಾಲಯ ತಂಡಕ್ಕೆ ಬಾ, ಪರೀಕ್ಷೆಯನ್ನೂ ಪಾಸು ಮಾಡು, ಬೂಟಿನ ಖರ್ಚು ನನ್ನದು" ಎನ್ನಿ. ವಿಶ್ವವಿದ್ಯಾಲಯ ತಂಡಕ್ಕೆ ಬಂದರೆ ನೌಕರಿಯ ಆಯ್ಕೆಗಳಿಗೆ ಹೋಗಲಿ, 25 ವರ್ಷದವರೆಗೆ ಪ್ರಯತ್ನಿಸಲಿ. ಬಾರದಿದ್ದರೆ ಕೈಯಲ್ಲಿ ಪದವಿ ಇರುತ್ತದೆ. ದೈಹಿಕ ಶಿಕ್ಷಣದ ಬಿ.ಪಿ.ಎಡ್., ಪಟಿಯಾಲಾದ ಎನ್‌ಐಎಸ್ ಕೋಚಿಂಗ್ ಡಿಪ್ಲೊಮಾ, ರೆಫರಿ ಪರೀಕ್ಷೆ ಇವೆಲ್ಲ ಆಟದ ಹತ್ತಿರವೇ ಬದುಕುವ ಗೌರವದ ದಾರಿಗಳು. ಮೊಣಕಾಲಿನ ಒಂದು ಪೆಟ್ಟು ಆಟವನ್ನು ನಿಲ್ಲಿಸಬಹುದು, ಪದವಿಯನ್ನು ಕಸಿದುಕೊಳ್ಳಲಾರದು.

ಧರ್ಮಕೇಂದ್ರಗಳ ಯುವ ಸಂಘಟನೆಯವರಲ್ಲಿ ಒಂದು ವಿನಂತಿ. ನಿಮ್ಮ ವಾಳೆಯಲ್ಲಿ ಇಂಥ ಹುಡುಗ ಹುಡುಗಿ ಇದ್ದರೆ, ಬಹುಮಾನ ಕೊಟ್ಟು ಫೋಟೊ ತೆಗೆಸಿ ಸುಮ್ಮನಾಗಬೇಡಿ. ಅವರ ಪ್ರಮಾಣಪತ್ರಗಳು ಸರಿಯಾಗಿವೆಯೇ ಎಂದು ನೋಡಿ, ನೇಮಕಾತಿ ಅಧಿಸೂಚನೆ ಬಂದಾಗ ತಿಳಿಸಿ, ಅರ್ಜಿ ತುಂಬಲು ಜೊತೆಗೆ ಕುಳಿತುಕೊಳ್ಳಿ. ಅಂಕಣದಲ್ಲಿ ಗಾರ್ಡ್ ಮಾಡುವ ಕೆಲಸವೂ ಅದೇ ಅಲ್ಲವೇ? ಸರಿಯಾದ ಹೊತ್ತಿಗೆ ಚೆಂಡನ್ನು ಇನ್ನೊಬ್ಬರ ಕೈಗೆ ತಲುಪಿಸುವುದು.